ಸ್ಪೀಕರಿನ ಮೇಲಿನ ಕೆಂಪು ಗೆರೆ

ಹಳೆಯ ಸ್ಪೀಕರು ಕೈಕೊಟ್ಟದ್ದು ಭಾನುವಾರ ಮಧ್ಯಾಹ್ನ, ಸಿನಿಮಾದ ನಾಯಕಿ ಪೆಟ್ಟಿಗೆ ಹಿಡಿದು ಗಂಡನ ಮನೆಯ ಬಾಗಿಲಲ್ಲಿ ನಿಂತ ಹೊತ್ತಿಗೆ ಸರಿಯಾಗಿ. ಬಲಗಡೆಯದು ತಿಂಗಳ ಹಿಂದೆಯೇ ಸುಮ್ಮನಾಗಿತ್ತು. ಎಡಗಡೆಯದು ಗೊರಗೊರ ಎಂದು ಸ್ವಲ್ಪ ಹೊತ್ತು ಏಗಿ ಅದೂ ನಿಂತಿತು. ನಾಯಕಿ ತುಟಿ ಆಡಿಸುತ್ತಲೇ ಇದ್ದಳು, ಗಂಡ ತಲೆ ತಗ್ಗಿಸಿದ, ಏನು ಹೇಳಿದಳೆಂದು ಮಾತ್ರ ನೋಡುತ್ತಿದ್ದವರಿಗೆ ತಿಳಿಯಲಿಲ್ಲ.

“ವಾರವೆಲ್ಲ ಇದಕ್ಕೇ ಕಾದಿದ್ದೆ ಅಕ್ಕ,” ಎಂದಳು ಎದುರುಮನೆಯವಳು. “ಅವಳು ಬಾಯಿ ತೆಗೆಯೋ ಹೊತ್ತಿಗೆ ನಿಮ್ಮ ಡಬ್ಬ ಪ್ರಾಣ ಬಿಡ್ತಲ್ಲ.”

ಅವಳು ಪ್ರತಿ ಭಾನುವಾರ ತನ್ನ ಸ್ಟೂಲು ತಾನೇ ಹೊತ್ತುಕೊಂಡು ಬರುತ್ತಿದ್ದಳು. ಒಬ್ಬಳೇ ಇರುವವಳು. ನೂಲಿನ ಗಿರಣಿಯಲ್ಲಿ ಕಿತ್ತುಹೋದ ಎಳೆ ಜೋಡಿಸುವ ಕೆಲಸ. ಅದೇ ಗಿರಣಿಯಲ್ಲಿ ಈ ಮನೆಯ ಯಜಮಾನ ಫಿಟ್ಟರ್. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ರಿಪೇರಿ ಮಾಡುತ್ತಿದ್ದಳು, ಹಾಗಾಗಿ ಮುಂದಿನ ಕೋಣೆಯಲ್ಲಿ ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಕಂಪ್ಯೂಟರು. ಮಗಳು ಲೆಕ್ಕಕ್ಕೆ ಕೂರುವ ಕ್ಲಿನಿಕ್ಕಿನವರು ಹೊಸದು ತಂದಾಗ ಹಳೆಯದನ್ನು ಅವಳಿಗೆ ಅಗ್ಗಕ್ಕೆ ಕೊಟ್ಟಿದ್ದರು. ಅದು ಬಂದ ಮೇಲೆ ಮನೆಯವರೆಲ್ಲ ಒಂದೇ ಕಡೆ ಕೂರುವುದು ಕಲಿತಿದ್ದರು.

ಆ ದಿನ ಊಟಕ್ಕೆ ಕೂತಾಗ ಅದೇ ಮಾತು. ತಲೆಗೊಂದು ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಬೇಕಾದಷ್ಟು.

“ದೊಡ್ಡ ಬೇಸ್ ಡಬ್ಬ ಇರೋದೇ ತರೋಣ,” ಎಂದ ಮಗ. ಹತ್ತನೇ ತರಗತಿಯವನು. “ಆಟದಲ್ಲಿ ಹಿಂದಿನಿಂದ ಯಾರಾದ್ರೂ ಬಂದ್ರೆ ಹೆಜ್ಜೆ ಸದ್ದು ಕೇಳಬೇಕು. ಇಲ್ದಿದ್ರೆ ಸತ್ತೆ ಅಂತಾನೇ ಲೆಕ್ಕ.”

“ಪರೀಕ್ಷೆಗೆ ಮುಂಚೆ ಸಾಯಿ, ಅಪ್ಪಂಗೆ ಫೀಸು ಉಳಿಯುತ್ತೆ,” ಎಂದಳು ಮಗಳು. “ಡಬ್ಬ ಗುಡುಗುಡು ಅಂದ್ರೆ ಸಿನಿಮಾದಲ್ಲಿ ಮಾತೆಲ್ಲ ಮುಳುಗಿಹೋಗುತ್ತೆ. ನಂಗೆ ಮಾತು ಬಿಡಿಬಿಡಿಯಾಗಿ ಕೇಳಬೇಕು.”

“ನಿಮ್ಮ ಆಟ ಸಿನಿಮಾ ಏನಾದ್ರೂ ಮಾಡ್ಕೊಳ್ಳಿ,” ಎಂದಳು ಅಜ್ಜಿ. “ನನ್ನ ಹಾಡಿನಲ್ಲಿ ಪಿಟೀಲು ಪಿಟೀಲಿನ ಹಾಗೆ ಕೇಳಿದ್ರೆ ಸಾಕು. ಮೊದಲಿನದ್ರಲ್ಲಿ ಬೆಕ್ಕಿನ ಬಾಲ ತುಳಿದ ಹಾಗೆ ಇರ್ತಿತ್ತು.”

“ಮೂರಕ್ಕೂ ಆಗಬೇಕು, ನಮ್ಮ ಕೈಗೂ ಎಟುಕಬೇಕು. ಅಂಥದ್ದಿದ್ರೆ ಹೇಳಿ,” ಎಂದಳು ಅಮ್ಮ. “ಇಲ್ದಿದ್ರೆ ಮೂಕಿ ಸಿನಿಮಾ ನೋಡ್ಕೊಂಡು ಇರೋಣ.”

ಅಪ್ಪ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದವನು ತಲೆ ಎತ್ತಿದ. “ಏನು ಅಂತ ಸರಿಯಾಗಿ ಹೇಳಿ. ಎಲ್ಲರೂ ಬಾಯೊಳಗೇ ಗೊಣಗಿದ್ರೆ ಏನು ತಿಳ್ಕೊಳ್ಳೋದು?”

ಮಗಳು ದನಿ ಏರಿಸಿ ಮತ್ತೊಮ್ಮೆ ಹೇಳಿದಳು.

“ಅಷ್ಟೇ ತಾನೆ? ಶನಿವಾರ ನಾನು ಬರ್ತೀನಿ. ಕಿವಿಯಿಂದ ಕೇಳಿ ಹೇಳ್ತೀನಿ. ಓದಿ ಹೇಳೋ ವಿಷಯ ಅಲ್ಲ ಇದು.”

ಅಲ್ಲಿಗೆ ಚರ್ಚೆ ಮುಗಿಯಿತು. ಮನೆಯಲ್ಲಿ ಇನ್ಯಾವ ವಿಷಯಕ್ಕೆ ಜಗಳವಾದರೂ ಸದ್ದಿನ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಗಿರಣಿಯಲ್ಲಿ ಅವನಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಯಂತ್ರದ ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಳಗಿನ ಗುಂಡು ಸವೆದಿದೆಯೋ, ಎಣ್ಣೆ ಒಣಗಿದೆಯೋ, ಇನ್ನೆಷ್ಟು ವಾರ ಎಳೆಯುತ್ತದೆಯೋ ಹೇಳುತ್ತಿದ್ದ. ಅವನು ಸರಿ ಎಂದರೆ ಸರಿ. ಕಿವಿಗೆ ಹಾಕಿಕೊಳ್ಳಲು ಗಿರಣಿಯವರು ರಬ್ಬರ್ ಬಿರಡೆ ಕೊಟ್ಟಿದ್ದರು. ಕೇಳುವುದೇ ಕೆಲಸವಾದವನು ಕಿವಿ ಮುಚ್ಚಿಕೊಂಡರೆ ಸಂಬಳ ಯಾತಕ್ಕೆ ಎಂದು ಅವನು ಅದನ್ನು ಒಂದು ದಿನವೂ ಮುಟ್ಟಲಿಲ್ಲ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ನಟ್ಟನ್ನೇ ಆಗಲಿ ಸರಿಯಾದ ಜಾಗಕ್ಕೆ ತಂದಮೇಲೆ, ನಟ್ಟಿನಿಂದ ಪಕ್ಕದ ಕಬ್ಬಿಣಕ್ಕೆ ಹಾಯುವ ಹಾಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಗೆರೆ ಎರಡು ತುಂಡಾಗಿ ಕಂಡರೆ ಯಾರೋ ಮುಟ್ಟಿದ್ದಾರೆ ಎಂದರ್ಥ. ಮನೆಯಲ್ಲೂ ಗ್ಯಾಸಿನ ಕೊಳವೆಗೆ, ನಲ್ಲಿಯ ಬುಡಕ್ಕೆ, ಹೊಲಿಗೆ ಯಂತ್ರದ ತಿರುಪಿಗೆ ಅವನ ಕೆಂಪು ಗೆರೆಗಳಿದ್ದವು.

ಅಜ್ಜಿಯ ಕಣ್ಣಿಗೆ ದಿನಾ ಸಂಜೆ ಆರಕ್ಕೆ ಮದ್ದಿನ ಹನಿ ಹಾಕಬೇಕಿತ್ತು. ಆ ಕೆಲಸವನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತನ್ನ ಕೈಗಡಿಯಾರಕ್ಕೆ ಅಲಾರಂ ಇಟ್ಟುಕೊಂಡಿದ್ದ. ಆರಾದಾಗ ಅದು ತೆಳ್ಳಗಿನ ದನಿಯಲ್ಲಿ ಕೀಂ ಕೀಂ ಎನ್ನುತ್ತಿತ್ತು. ಅವನು ಕೂತಲ್ಲೇ ಪೇಪರು ಓದುತ್ತಿರುತ್ತಿದ್ದ. ಅಜ್ಜಿ ಗೋಡೆ ಹಿಡಿದು ಎದ್ದು, ಅವನ ಎದುರಿನ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ವಾಲಿಸುತ್ತಿದ್ದಳು. “ನೋಡು, ನಾನು ಕರೆಯೋಕೆ ಮುಂಚೆನೇ ಬಂದು ಕೂರ್ತಾಳೆ,” ಎಂದು ಅವನು ನಗುತ್ತಿದ್ದ. ಹೆಂಡತಿ ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ.

ಶನಿವಾರ ಅಪ್ಪ, ಮಗಳು, ಮಗ ಮೂವರೂ ಅಂಗಡಿಗೆ ಹೋದರು. ಮಗಳು ಫೋನಿನಲ್ಲಿ ನೂರಾರು ಜನರ ಅಭಿಪ್ರಾಯ ಓದಿ ಮೂರನ್ನು ಆರಿಸಿಟ್ಟಿದ್ದಳು. ಅಂಗಡಿಯವನು ಒಳ್ಳೆಯವನು, ಒಂದೇ ಹಾಡನ್ನು ಮೂರರಲ್ಲೂ ಹಾಕಿ ತೋರಿಸಿದ. ಪರದೆಯ ಕೆಳಗೆ ಉದ್ದಕ್ಕೆ ಕೂರುವ ಪಟ್ಟಿಯಂಥದ್ದು ನೋಡಲು ಅಂದ, ಆದರೆ ಹಾಡುವವನಿಗೆ ನೆಗಡಿಯಾದ ಹಾಗಿತ್ತು. ಬೇಸ್ ಡಬ್ಬ ಇದ್ದದ್ದು ಬಂದಾಗ ಅಂಗಡಿಯ ಗಾಜೇ ಅದುರಿತು.

“ನಿಮ್ಮ ಕೋಣೆ ಎಷ್ಟು ದೊಡ್ಡದು?” ಅಂಗಡಿಯವನು ಮಗನನ್ನು ಕೇಳಿದ.

“ಇಲ್ಲಿಂದ ಆ ಕಪಾಟಿನ ತನಕ.”

“ಹಾಗಾದ್ರೆ ಇದು ಬೇಡಪ್ಪ. ಮೊದಲನೇ ದಿನ ಖುಷಿ, ಎರಡನೇ ದಿನ ಪಕ್ಕದ ಮನೆಯವರು ಬಾಗಿಲಿಗೆ ಬರ್ತಾರೆ.”

ಮೂರನೆಯದು ಮರದ ಎರಡು ಪುಟ್ಟ ಪೆಟ್ಟಿಗೆ. ಬಲಗಡೆಯದರ ಮುಖದ ಮೇಲೆ ಮೂರು ನಾಬು, ಒಂದು ಒಟ್ಟು ಸದ್ದಿಗೆ, ಒಂದು ದಪ್ಪ ಸದ್ದಿನ ಬೇಸ್‌ಗೆ, ಒಂದು ಚೂಪು ಸದ್ದಿನ ಟ್ರೆಬಲ್ಲಿಗೆ. ಅಂಗಡಿಯವನು ಆಟದ ಒಂದು ತುಣುಕು ಹಾಕಿದ. ಹೆಜ್ಜೆಗಳು ಎಡದಿಂದ ಬಲಕ್ಕೆ ನಡೆದು ಹೋದದ್ದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಸಿನಿಮಾದ ಮಾತು ಬಿಡಿಬಿಡಿಯಾಗಿತ್ತು. ಪಿಟೀಲು ಪಿಟೀಲಿನ ಹಾಗೇ ಇತ್ತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರೂ ಒಂದೇ ವಸ್ತುವನ್ನು ಒಪ್ಪಿದ್ದು ಅದೇ ಮೊದಲು.

“ಇದೇ ಅಪ್ಪ,” ಎಂದಳು ಮಗಳು.

ಅಪ್ಪ ಮುಖ ಗಂಟಿಕ್ಕಿ ಪೆಟ್ಟಿಗೆಯ ಪಕ್ಕಕ್ಕೆ ಕಿವಿ ತಂದ. “ಕಂಬಳಿ ಹೊದ್ದುಕೊಂಡು ಹಾಡ್ತಾ ಇದ್ದಾನೆ ಇವನು. ಇರಿ.” ಟ್ರೆಬಲ್ ನಾಬನ್ನು ಸ್ವಲ್ಪ ತಿರುಗಿಸಿದ. ಇನ್ನಷ್ಟು ತಿರುಗಿಸಿದ. ಕೊನೆಯವರೆಗೂ ತಿರುಗಿಸಿದ. ಪಿಟೀಲು ತಗಡು ಗೀಚಿದ ಹಾಗೆ ಚೀರಿತು. ಅಪ್ಪನ ಮುಖ ಅರಳಿತು.

“ಹಾಂ. ಈಗ ಕೇಳಿ. ಈಗ ಕಂಬಳಿ ತೆಗೆದ.”

“ಸಾರ್, ಅದು ಪೂರ್ತಿ ಕೊನೆಯಲ್ಲಿದೆ,” ಎಂದ ಅಂಗಡಿಯವನು ತನ್ನ ಕಿವಿ ಉಜ್ಜಿಕೊಳ್ಳುತ್ತ.

“ಗೊತ್ತಪ್ಪ. ಅದೇ ಅದರ ಜಾಗ.”

ಅಂಗಡಿಯವನು ಮಗಳನ್ನು ನೋಡಿದ. ಮಗಳು ಬೆಲೆಯ ಚೀಟಿಯನ್ನು ನೋಡತೊಡಗಿದಳು. ಮಗ ಏನೋ ಹೇಳಲು ಹೋದ, ಅಕ್ಕ ಅವನ ಕಾಲು ತುಳಿದಳು.

ಮನೆಗೆ ಬಂದು ತಂತಿ ಸಿಕ್ಕಿಸಿ ಅಪ್ಪ ಮೊದಲು ಹಾಕಿದ್ದು ಅಜ್ಜಿಯ ಹಾಡು. ಟ್ರೆಬಲ್ಲನ್ನು ಅಂಗಡಿಯಲ್ಲಿ ಇಟ್ಟಲ್ಲಿಗೇ ತಂದು, ಕಪಾಟಿನಿಂದ ಬಣ್ಣದ ಪುಟ್ಟ ಡಬ್ಬಿ ತೆಗೆದು, ನಾಬಿನಿಂದ ಪೆಟ್ಟಿಗೆಯ ಮರಕ್ಕೆ ಹಾಯುವ ಹಾಗೆ ಕೆಂಪು ಗೆರೆ ಎಳೆದ.

“ಯಾರೂ ಮುಟ್ಟಬಾರದು. ಹೇಗಿದೆ ಅಮ್ಮ?”

ಹಾಡಿನ ಒಂದೊಂದು ಸಕಾರವೂ ಸೂಜಿ ಚುಚ್ಚಿದಂತೆ ಬರುತ್ತಿತ್ತು. ಅಜ್ಜಿ ಎಪ್ಪತ್ತು ದಾಟಿದವಳು, ಆದರೆ ಅಡಿಗೆಮನೆಯಲ್ಲಿ ಇಲಿ ಓಡಿದರೂ ಕೇಳುವ ಕಿವಿ. ಅವಳು ಕಣ್ಣೊರೆಸಿಕೊಂಡಳು. “ಚೆನ್ನಾಗಿದೆ ಮಗ. ಕಣ್ಣಲ್ಲಿ ನೀರು ಬಂತು ನೋಡು.”

ಅಪ್ಪ ಅದನ್ನು ನಂಬಿದ. ಸಂತೋಷದಿಂದ ಸ್ನಾನಕ್ಕೆ ಹೋದ. ಉಳಿದವರು ಅಡಿಗೆಮನೆಯಲ್ಲಿ ಸೇರಿದರು.

“ಅಪ್ಪಂಗೆ ಚೂಪು ಸದ್ದು ಕೇಳಿಸ್ತಾನೇ ಇಲ್ಲ,” ಎಂದ ಮಗ.

“ಮೆಲ್ಲಗೆ ಮಾತಾಡು,” ಎಂದಳು ಅಮ್ಮ.

“ಮೆಲ್ಲಗೇ ಮಾತಾಡ್ತಾ ಇದ್ದೀನಿ. ಜೋರಾಗಿ ಹೇಳಿದ್ರೆ ತಾನೇ ಅವರಿಗೆ ಕೇಳೋದು?”

ಅಮ್ಮ ಅವನ ತಲೆಗೊಂದು ಮೊಟಕಿದಳು. ಮಗಳು ಅವಳ ಮುಖವನ್ನೇ ನೋಡಿದಳು. “ನಿನಗೆ ಮೊದಲೇ ಗೊತ್ತಿತ್ತು.”

“ಗಡಿಯಾರ ಕೂಗೋದು ಕೇಳದೆ ವರ್ಷದ ಮೇಲಾಯ್ತು. ಅತ್ತೆಗೂ ಗೊತ್ತು.”

“ಹೌದು,” ಎಂದಳು ಅಜ್ಜಿ.

“ನಮ್ಮ ಕ್ಲಿನಿಕ್ಕಿಗೆ ಕಿವಿ ಡಾಕ್ಟರು ಬರ್ತಾರೆ. ಕರ್ಕೊಂಡು ಹೋಗ್ತೀನಿ.”

“ಕರ್ಕೊಂಡು ಹೋಗಿ? ಗಿರಣಿಯವರ ಕಿವಿಗೆ ಬಿದ್ರೆ? ಕಿವಿ ಮೇಸ್ತ್ರಿಗೆ ಕಿವಿಯಿಲ್ಲ ಅಂದ್ರೆ ಮಾರನೇ ದಿನ ಮನೆಗೆ ಕಳಿಸ್ತಾರೆ. ಅದಿರಲಿ, ಅವರಿಗೇ ಗೊತ್ತಾದ್ರೆ ಅವರು ಬದುಕ್ತಾರೇನೇ? ಇವನ ಓದು ಒಂದು ದಡ ಸೇರಲಿ. ಆಮೇಲೆ ನಾನೇ ಹೇಳ್ತೀನಿ.”

ಹೀಗೆ ತೀರ್ಮಾನವಾಯಿತು. ಈ ಮನೆಯವರು ಕೆಟ್ಟವರಲ್ಲ. ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದು ಎನ್ನುವವರು. ಅದಕ್ಕಾಗಿ ಏನು ಬೇಕಾದರೂ ಮಾಡುವವರು, ಅದೇ ಬಂದ ತೊಂದರೆ.

ಮೊದಲ ಎರಡು ವಾರ ಅದೊಂದು ಆಟದ ಹಾಗೇ ಇತ್ತು. ಮಗ ಶಾಲೆಯಿಂದ ಬಂದ ಕೂಡಲೇ ನಾಬನ್ನು ಅರ್ಧಕ್ಕೆ ಇಳಿಸುತ್ತಿದ್ದ. ಅಜ್ಜಿ ಹಾಡು ಕೇಳುತ್ತಿದ್ದಳು, ಅವನು ಆಟ ಆಡುತ್ತಿದ್ದ, ಅಮ್ಮ ಹೊಲಿಯುತ್ತಿದ್ದಳು. ಸ್ಪೀಕರು ನಿಜಕ್ಕೂ ಒಳ್ಳೆಯದಿತ್ತು. ಸಂಜೆ ಅಪ್ಪನ ಸೈಕಲ್ಲು ಬೀದಿಯ ತಿರುವಿಗೆ ಬರುವ ಮೊದಲೇ ಕಿಟಕಿಯ ಪಕ್ಕದ ಅಜ್ಜಿ “ಚೈನಿನ ಸದ್ದು ಬಂತು” ಎನ್ನುತ್ತಿದ್ದಳು. ಮಗ ನಾಬನ್ನು ತಿರುಗಿಸಿ ಎರಡು ತುಂಡಾಗಿದ್ದ ಗೆರೆಯನ್ನು ಕೂಡಿಸುತ್ತಿದ್ದ. ಅಪ್ಪ ಒಳಗೆ ಬಂದು ಚಪ್ಪಲಿ ಬಿಡುವಾಗ ಎಲ್ಲರ ಹಲ್ಲು ಜುಂ ಎನ್ನುತ್ತಿತ್ತು.

ಬರಬರುತ್ತ ಅದೂ ಸಾಕಾಯಿತು. ಅಪ್ಪ ಮನೆಯಲ್ಲಿದ್ದಾಗ ಸ್ಪೀಕರು ಹಾಕುವುದೇ ನಿಂತಿತು. ಮಗಳು ಸಿನಿಮಾವನ್ನು ಫೋನಿನಲ್ಲಿ ನೋಡತೊಡಗಿದಳು. ಭಾನುವಾರ ಎದುರುಮನೆಯವಳು ಒಮ್ಮೆ ಅರ್ಧ ಸಿನಿಮಾಕ್ಕೇ ತಲೆನೋವೆಂದು ಸ್ಟೂಲು ಎತ್ತಿಕೊಂಡು ಹೋದಳು. ಅಜ್ಜಿಗೆ ಹಾಡು ಹಾಕಲೇ ಎಂದು ಅಪ್ಪ ಕೇಳಿದರೆ, “ಈಗ ಬೇಡ ಮಗ, ಸುಸ್ತು,” ಎನ್ನುತ್ತಿದ್ದಳು.

“ಸ್ಪೀಕರ್ ಬೇಕು ಅಂತ ಮನೆ ತಲೆಕೆಳಗು ಮಾಡಿದ್ರಿ,” ಎಂದ ಅವನು ಒಂದು ದಿನ ಊಟದ ಹೊತ್ತಿನಲ್ಲಿ. “ತಂದುಕೊಟ್ಟ ಮೇಲೆ ಒಬ್ಬರಿಗೂ ಬೇಡ. ನಾನು ಆರಿಸಿದ್ದು ಅಂತಾನಾ?”

“ಹಾಗೇನಿಲ್ಲ ರೀ. ಅನ್ನ ಹಾಕಲಾ?”

ಆ ವಾರವೇ ಅದು ನಡೆಯಿತು. ಸೈಕಲ್ ಪಂಕ್ಚರಾಗಿ, ಅದನ್ನು ಅಂಗಡಿಯಲ್ಲಿ ಬಿಟ್ಟು ಅಪ್ಪ ನಡೆದು ಬಂದಿದ್ದ. ಚೈನಿನ ಸದ್ದು ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಕೆಂಪು ಗೆರೆ ಎರಡು ತುಂಡು.

“ಯಾರು ಮುಟ್ಟಿದ್ದು?”

ಮಗ ಮೌಸು ಬಿಟ್ಟು ಎದ್ದ. “ನಾನೇ.”

“ಯಾಕೆ?”

“ಕಿವಿ ನೋಯುತ್ತೆ ಅಪ್ಪ.”

“ಕಿವಿ ನೋಯುತ್ತಾ? ನನಗೆ ಸದ್ದಿನ ಪಾಠ ಹೇಳ್ತೀಯಾ? ಇಡೀ ಗಿರಣಿ ನನ್ನ ಗೆರೆ ಮುಟ್ಟೋಕೆ ಹೆದರುತ್ತೆ. ಅದು ಮುಟ್ಟಿದ್ರೆ ಏನಾಗುತ್ತೆ ಗೊತ್ತಾ? ಜನ ಸಾಯ್ತಾರೆ.”

“ಇದು ಗಿರಣಿ ಅಲ್ಲ. ಇದು ಸ್ಪೀಕರ್. ನಿಮಗೆ—”

“ಸಾಕು ಬಾಯಿ ಮುಚ್ಚೋ,” ಎಂದು ಅಮ್ಮ ನಡುವೆ ಬಂದು ಅವನ ಕೆನ್ನೆಗೆ ಹೊಡೆದಳು. ಜೋರಾಗಿಯೇ ಬಿತ್ತು. ಅವಳು ಮಗನ ಮೇಲೆ ಕೈಮಾಡಿ ವರ್ಷಗಳಾಗಿದ್ದವು. “ಅಪ್ಪನಿಗೆ ಎದುರು ಮಾತಾಡ್ತೀಯಾ?”

ಮಗ ಅಮ್ಮನನ್ನು ನೋಡಿದ, ಅಳಲಿಲ್ಲ. ನಾಬನ್ನು ತಿರುಗಿಸಿ ಗೆರೆ ಕೂಡಿಸಿ ಹೊರಗೆ ಹೋದ. ಅಪ್ಪನಿಗೂ ಅದು ಅತಿಯಾಯಿತೆನ್ನಿಸಿ, “ಅಷ್ಟಕ್ಕೆಲ್ಲ ಹೊಡೀಬೇಕಿತ್ತಾ?” ಎಂದ. ಆ ಮೇಲೆ ಮಗ ಆಟ ಆಡುವುದನ್ನೇ ಬಿಟ್ಟ. ಅಪ್ಪನ ಜೊತೆ ಮಾತೆಂದರೆ, ಕೇಳಿದ್ದಕ್ಕೆ ಉತ್ತರ ಅಷ್ಟೇ.

ಇದಾಗಿ ಕೆಲವು ದಿನಕ್ಕೆ ಎದುರುಮನೆಯವಳು ಹರಿದ ಅಂಗಿ ಹಿಡಿದು ಬಂದಳು. ಹೆಂಡತಿ ಬಾಗಿಲ ಮೆಟ್ಟಿಲಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು. ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಳು.

“ಅಕ್ಕ, ನಂಗೆ ಕಿವಿಯಲ್ಲಿ ಏನೋ ಆಗಿದೆ ಅನ್ಸುತ್ತೆ. ನಾನು ನಿಲ್ಲೋ ಕಡೆ ಒಂದು ದೊಡ್ಡ ಬ್ಲೋಯರ್ ಇದೆಯಲ್ಲ, ಗಾಳಿ ಎಳೆಯೋದು, ಅದರಿಂದ ಸಣ್ಣಗೆ ಶಿಳ್ಳೆ ಬಂದ ಹಾಗೆ ಇರುತ್ತೆ. ಮೊದಲು ಇರ್ಲಿಲ್ಲ. ಅಣ್ಣನಿಗೆ ಹೇಳಿದೆ. ಸ್ಕ್ರೂಡ್ರೈವರ್ ಇಟ್ಟು ನೋಡಿದ್ರು. ತಣ್ಣಗೆ ತಿರುಗ್ತಾ ಇದೆಯಮ್ಮ, ಏನೂ ಇಲ್ಲ ಅಂದ್ರು.”

ಹೆಂಡತಿಯ ಸೂಜಿ ನಿಂತಿತು.

“ತಪ್ಪು ತಿಳೀಬೇಡಿ ಅಕ್ಕ,” ಎದುರುಮನೆಯವಳು ದನಿ ಇಳಿಸಿದಳು. “ನಿಮ್ಮನೆ ಸ್ಪೀಕರ್ ಆ ಪಾಟಿ ಚೀರುತ್ತೆ, ಅಣ್ಣ ಅದರ ಪಕ್ಕದಲ್ಲೇ ಆರಾಮಾಗಿ ಕೂತಿರ್ತಾರೆ. ಅಣ್ಣನ ಕಿವಿ ಸರಿ ಇದೆ ತಾನೆ?”

“ಅವರ ಕಿವಿಗೇನು ಧಾಡಿ?” ಎಂದಳು ಹೆಂಡತಿ. ಮಾತು ತಾನಾಗಿಯೇ ಬಂದುಬಿಟ್ಟಿತು. “ಸ್ಪೀಕರೇ ಅಗ್ಗದ ಮಾಲು. ಕೊಟ್ಟ ದುಡ್ಡಿಗೆ ಇನ್ನೇನು ಬರುತ್ತೆ? ಏನು ಮಾಡಿದ್ರೂ ಹಾಗೇ ಕೂಗುತ್ತೆ.”

“ಹಾಗಾದ್ರೆ ನಂದೇ ಭ್ರಮೆ ಬಿಡಿ. ಅಣ್ಣನಿಗೆ ಕೇಳದ್ದು ನನಗೆ ಕೇಳುತ್ತಾ?” ಎಂದು ಅವಳು ನಕ್ಕು, ಅಂಗಿ ಬಿಟ್ಟು ಹೋದಳು.

ಮಗಳು ಮಡಚಿದ ಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು. “ಏನಮ್ಮ ಹೇಳಿದೆ ನೀನು?”

“ಇನ್ನೇನು ಹೇಳಬೇಕಿತ್ತು?”

“ನಿಜ ಹೇಳಬೇಕಿತ್ತು. ಅವರು ಆ ಯಂತ್ರದ ಪಕ್ಕ ನಿಲ್ಲೋರು.”

“ಅವಳು ನಾಳೆ ಗಿರಣಿಯಲ್ಲಿ ಬಾಯಿಬಿಟ್ರೆ? ಸಂಬಳ ನೀನು ತರ್ತೀಯಾ?”

“ಅಪ್ಪನಿಗಾದ್ರೂ ಹೇಳು. ಬೇರೆ ಯಾರಿಂದಾದ್ರೂ ಆ ಬ್ಲೋಯರ್ ನೋಡಿಸಲಿ.”

“ಹೇಳ್ತೀನಿ. ಭಾನುವಾರ ಹೇಳ್ತೀನಿ. ನೀನು ಸುಮ್ನಿರು.”

ಮಗಳೂ ಸುಮ್ಮನಾದಳು. ಅವಳು ಹೇಳಬಹುದಿತ್ತು, ಅವಳಿಗೂ ಬಾಯಿತ್ತು. ಆ ರಾತ್ರಿ ಅಪ್ಪನಿಗೆ ಅನ್ನ ಬಡಿಸುವಾಗ ಮಾತು ಗಂಟಲಿನ ತನಕ ಬಂದದ್ದೂ ನಿಜ. ಅಪ್ಪ ಗಿರಣಿಯಲ್ಲಿ ಮ್ಯಾನೇಜರು ತನ್ನನ್ನು ಹೊಸಬರ ಮುಂದೆ ಹೊಗಳಿದ್ದನ್ನು ಹೇಳುತ್ತಿದ್ದ. ಅವಳು ಕೇಳಿಸಿಕೊಂಡು ತಟ್ಟೆ ತೊಳೆಯಲು ಹೋದಳು.

ಭಾನುವಾರ ಬರಲಿಲ್ಲ. ಶುಕ್ರವಾರ ಊಟದ ವಿರಾಮಕ್ಕೆ ಸ್ವಲ್ಪ ಮೊದಲು ಬ್ಲೋಯರಿನ ಬೇರಿಂಗು ಹಿಡಿದು ನಿಂತಿತು. ಮೋಟರು ಮಾತ್ರ ಎಳೆಯುತ್ತಲೇ ಇತ್ತು. ಬೆಲ್ಟು ಕಾದು, ಕಿತ್ತು, ಜಾಲರಿ ಹರಿದುಕೊಂಡು ಹೊರಗೆ ಬಂದು ಎದುರುಮನೆಯವಳ ಬಲಗೈಗೆ ಹೊಡೆಯಿತು. ಮೊಣಕೈಯ ಕೆಳಗೆ ಎಲುಬು ಎರಡು ಕಡೆ ಮುರಿಯಿತು. ಬೆರಳುಗಳಿಗೆ ಹೋಗುವ ನರವೂ ತುಂಡಾಯಿತು. ಎಳೆ ಜೋಡಿಸುವುದಕ್ಕೆ ಬೇಕಾದ ಎರಡು ಬೆರಳು ಇನ್ನು ಮುಂದೆ ಮಡಚಲಾರವು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಅಪ್ಪನೇ ಅವಳನ್ನು ಎತ್ತಿಕೊಂಡು ಹೋಗಿದ್ದ. ಮನೆಗೆ ಬಂದಾಗ ಅಂಗಿಯ ತೋಳು ರಕ್ತ ಒಣಗಿ ಕಂದು ಬಣ್ಣವಾಗಿತ್ತು. “ನಾನು ನೋಡಿದ್ದೆ,” ಎಂದಷ್ಟೇ ಹೇಳುತ್ತಿದ್ದ. “ಆ ಬೇರಿಂಗನ್ನ ನಾನೇ ಕೇಳಿ ನೋಡಿದ್ದೆ. ತಣ್ಣಗೆ ತಿರುಗ್ತಿತ್ತು. ಗೆರೆ ಕೂಡ ಕದಲಿರಲಿಲ್ಲ.”

ಹೆಂಡತಿ ಅವನ ಅಂಗಿ ನೆನೆಹಾಕಿದಳು. ಮಾರನೇ ದಿನದಿಂದ ಎರಡು ಹೊತ್ತೂ ಎದುರುಮನೆಗೆ ಊಟ ಹೊತ್ತಳು. ತಲೆ ಬಾಚಿದಳು, ಬಟ್ಟೆ ಒಗೆದಳು, ಎಡಗೈಯಲ್ಲಿ ಚಮಚ ಹಿಡಿಯುವುದು ಕಲಿಸಿದಳು. “ಹೆತ್ತ ತಾಯಿಯೂ ಇಷ್ಟು ಮಾಡಲ್ಲ ಅಕ್ಕ,” ಎಂದು ಅವಳು ಅತ್ತರೆ ಹೆಂಡತಿ ಪಾತ್ರೆ ಎತ್ತಿಕೊಂಡು ಬೇಗ ಬೇಗ ಮನೆಗೆ ಬಂದುಬಿಡುತ್ತಿದ್ದಳು.

ಮೂರನೆಯ ವಾರ, ಅಪಘಾತದ ವಿಚಾರಣೆ ಮಾಡಿದ ಮ್ಯಾನೇಜರು ಅಪ್ಪನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಮೊದಮೊದಲು ಒತ್ತಿದ. ಆಮೇಲೆ ತುಂಬಾ ಹೊತ್ತು ಯಾವ ಸದ್ದೂ ಬರಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಅವನು ಗಾಜಿನಾಚೆ ನೋಡಿದ. ಡಾಕ್ಟರು ಒಂದಾದ ಮೇಲೊಂದು ಸದ್ದು ಕಳಿಸುತ್ತಲೇ ಇದ್ದರು.

ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದ. ಮನೆಯವರೆಲ್ಲ ಇದ್ದರು, ಮಗಳಿಗೂ ರಜೆ. ಹೆಂಡತಿ ತಟ್ಟೆ ಇಟ್ಟಳು.

“ನಾಳೆಯಿಂದ ಗೋದಾಮಿನ ಗೇಟಿಗೆ,” ಎಂದ. “ಲಾರಿ ಬಂದ್ರೆ ಬಾಗಿಲು ತೆಗೆಯೋದು. ಸ್ಕ್ರೂಡ್ರೈವರ್ ಕೊಟ್ಟು ಬಂದೆ.”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಸ್ಪೀಕರಿನ ಕಡೆ ಕೈ ತೋರಿಸಿದ. “ಇದು ಮೊದಲನೇ ದಿನದಿಂದ ಚೀರ್ತಾ ಇತ್ತಾ?”

“ಹೌದಪ್ಪ,” ಎಂದ ಮಗ.

“ಎಲ್ಲರಿಗೂ ಗೊತ್ತಿತ್ತಾ?”

“ಹೌದು.”

“ಅಮ್ಮ, ನಿನಗೂ?”

ಅಜ್ಜಿ ತಲೆ ಆಡಿಸಿದಳು.

“ಇಷ್ಟು ವರ್ಷ ನಾನು ಮಾಡಿದ ಕೆಲಸ ಏನು? ಏನು ಕೆಡ್ತಾ ಇದೆ ಅಂತ ಪೂರ್ತಿ ಕೆಡೋಕೆ ಮುಂಚೆ ಹೇಳೋದು. ನನ್ನ ಮನೇಲಿ ಕಿವಿ ಇರೋರು ನಾಲ್ಕು ಜನ. ಒಬ್ಬರಾದ್ರೂ ಹೇಳಬಾರದಾಗಿತ್ತಾ?”

“ನಿಮಗೆ ನೋವಾಗುತ್ತೆ ಅಂತ,” ಎಂದಳು ಹೆಂಡತಿ.

“ಈಗ ನೋವಾಗಿದ್ದು ಯಾರಿಗೆ?”

ಅವಳು ನೆಲದ ಮೇಲೆ ಕೂತಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಗಳು ಎಂದೂ ಬಾಯಿಬಿಡುತ್ತಿರಲಿಲ್ಲ. ಆದರೂ ಹೇಳಿದಳು. ಮೆಟ್ಟಿಲ ಮೇಲಿನ ಮಾತು, ಶಿಳ್ಳೆಯ ಮಾತು, ಅಣ್ಣನ ಕಿವಿ ಸರಿ ಇದೆ ತಾನೆ ಎಂದು ಎದುರುಮನೆಯವಳು ಕೇಳಿದ್ದು, ಸ್ಪೀಕರೇ ಅಗ್ಗದ್ದು ಎಂದು ತಾನು ಹೇಳಿದ್ದು, ಒಂದನ್ನೂ ಬಿಡಲಿಲ್ಲ.

ಅವನು ಸ್ಪೀಕರಿನ ಕಡೆಯೇ ನೋಡುತ್ತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಅವಳಿಗೆ ಅನುಮಾನವಾಯಿತು.

“ಇದನ್ನ ಅವಳಿಗೆ ಹೇಳಿದ್ದೀಯಾ?”

“ಇಲ್ಲ.”

“ರಾತ್ರಿ ಊಟ ತಗೊಂಡು ಹೋಗುವಾಗ ನಾನೂ ಬರ್ತೀನಿ. ನನ್ನ ಪಾಲಿಂದು ನಾನು ಹೇಳ್ತೀನಿ. ನಿನ್ನ ಪಾಲಿಂದು ನೀನು ಹೇಳಬೇಕು.”

“ಅವಳು ಮತ್ತೆ ನಮ್ಮ ಮನೆ ಬಾಗಿಲು ತುಳಿಯಲ್ಲ ರೀ.”

“ತುಳಿಯದಿದ್ರೆ ಬೇಡ.”

ಅವನು ಎದ್ದು ಕಪಾಟಿನಿಂದ ಸೀಮೆಎಣ್ಣೆಯ ಬಾಟಲಿ, ಬಟ್ಟೆಯ ಚೂರು ತೆಗೆದ. ಸ್ಪೀಕರಿನ ಮುಂದೆ ಕೂತು ಕೆಂಪು ಗೆರೆಯನ್ನು ಉಜ್ಜತೊಡಗಿದ. ಬೇಗ ಹೋಗಲಿಲ್ಲ, ಒಳ್ಳೆಯ ಬಣ್ಣ. ಹೋದ ಮೇಲೆ ಅಜ್ಜಿಯ ಹಾಡು ಹಾಕಲು ಮಗನಿಗೆ ಹೇಳಿದ.

“ಅಮ್ಮ, ನಾನು ತಿರುಗಿಸ್ತೀನಿ. ಎಲ್ಲಿ ಸರಿ ಅನ್ಸುತ್ತೋ ಅಲ್ಲಿ ಸಾಕು ಅನ್ನು. ಸುಳ್ಳು ಹೇಳಬೇಡ.”

ನಾಬು ತಿರುಗಿತು. ಅಜ್ಜಿ, “ಇನ್ನೂ,” ಎಂದಳು. “ಇನ್ನೂ ಸ್ವಲ್ಪ.” ಅವನಿಗೆ ಪಿಟೀಲು ತೆಳ್ಳಗಾಗುತ್ತ ಹೋಯಿತು. “ಇನ್ನೂ,” ಎಂದಳು ಅಜ್ಜಿ ಅಳುತ್ತ. ಪಿಟೀಲು ಪೂರ್ತಿ ಹೋಯಿತು, ಹಾಡುವವನ ದನಿ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಉಳಿಯಿತು. “ಸಾಕು ಮಗ. ಇದೇ ಸರಿ.”

ಅವನು ಮಗನ ಮುಖ ನೋಡಿದ, ಮಗಳ ಮುಖ ನೋಡಿದ. ಎಷ್ಟೋ ದಿನದಿಂದ ಗಂಟಿಕ್ಕಿದ್ದ ಹುಬ್ಬುಗಳು ಸಡಿಲವಾಗಿದ್ದವು. ಬಣ್ಣದ ಡಬ್ಬಿ ತೆಗೆದು ಅಲ್ಲಿಗೇ ಹೊಸ ಗೆರೆ ಎಳೆದ. ಹಾಡು ಮುಗಿದು ಇನ್ನೊಂದು ಶುರುವಾಯಿತು, ಅದಾದ ಮೇಲೆ ಮತ್ತೊಂದು, ಹೀಗೇ ಸಂಜೆಯಾಯಿತು. ಯಾರೂ ಜಾಗ ಬಿಟ್ಟು ಏಳಲಿಲ್ಲ. ಹೆಂಡತಿ ಮಾತ್ರ ಒಮ್ಮೆ ಎದ್ದು, ಎದುರುಮನೆಗೆ ಒಯ್ಯಬೇಕಾದ ಅನ್ನಕ್ಕೆ ಅಕ್ಕಿ ತೊಳೆದಿಟ್ಟು ಬಂದಳು.

ಆರಾಯಿತು. ಗಡಿಯಾರ ಕೀಂ ಕೀಂ ಎಂದಿತು. ಅಜ್ಜಿ ಎಂದಿನಂತೆ ಗೋಡೆ ಹಿಡಿದು ಎದ್ದಳು. ಅರ್ಧ ಎದ್ದವಳು ಮತ್ತೆ ಕೂತಳು.

“ಮಗ, ನಿನ್ನ ಗಡಿಯಾರ ಕೂಗ್ತಾ ಇದೆ.”

ಅವನು ಕೈಯನ್ನು ಎತ್ತಿ ಕಿವಿಗೆ ಒತ್ತಿ ಹಿಡಿದ. ಆ ಕಿವಿಯಿಂದ ಈ ಕಿವಿಗೆ ಬದಲಾಯಿಸಿದ.

“ದಿನಾ ಕೂಗುತ್ತಾ?”

“ದಿನಾ ಕೂಗುತ್ತೆ.”

ಅವನು ಗುಂಡಿ ಒತ್ತಿದ. ನಿಂತಿತೋ ಇಲ್ಲವೋ ತಿಳಿಯದೆ ಅವಳ ಮುಖ ನೋಡಿದ.

“ನಿಂತಿತು,” ಎಂದು ಅಜ್ಜಿ ತಲೆ ಹಿಂದಕ್ಕೆ ವಾಲಿಸಿದಳು. ಅವನು ಮದ್ದಿನ ಬಾಟಲಿ ತರಲು ಎದ್ದ.